ಕಾಫಿ ಕಣದಲ್ಲಿ ನನ್ನ ಹೆಲಿಕಾಪ್ಟರ್

ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಬೆಳಗ್ಗೆಯಿಂದ ಗುಂಯ್‌ಗುಡುತ್ತಿದೆ. ನನ್ನ ಎಡಗೈ ಹೆಬ್ಬೆರಳು ಸುಮ್ಮನಿರುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ ವನಗೂರಿನ ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ನನಗೆಂದು ರಿಮೋಟ್ ಹೆಲಿಕಾಪ್ಟರ್ ತಂದಾಗ, ಅದನ್ನು ಹಾರಿಸಲು ನಾವು ಕೆಲಸದವರಿದ್ದ ಲೈನ್ ಮನೆಗಳ ಸುತ್ತ ಅಂಗೈಯಗಲದ ಸಮತಟ್ಟು ಜಾಗವೂ ಇರಲಿಲ್ಲ. ಇದ್ದದ್ದು ಎಸ್ಟೇಟಿನ ಕಾಫಿ ಒಣಗಿಸುವ ಕಣ ಮಾತ್ರ. ಅಲ್ಲಿಗೆ ಚಪ್ಪಲಿ ಬಿಟ್ಟೇ ಕಾಲಿಡಬೇಕು. ಭಾನುವಾರ ಕಣ ಖಾಲಿಯಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬರುವುದರೊಳಗೆ ಹಾರಿಸಿಬಿಡಬೇಕಿತ್ತು.

ಹೆಲಿಕಾಪ್ಟರ್ ಮೊಣಕಾಲೆತ್ತರಕ್ಕೆದ್ದು ವಾಲಿತು. ವಾಲಿದರೆ ರಿಮೋಟಿನ ಎಡಗಡೆಯ ಲಿವರ್ ಮೆಲ್ಲಗೆ ಇಳಿಸಬೇಕೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಓದಿದ್ದೆ. ಆದರೆ ಅಪ್ಪ ಘಾಟಿ ಹತ್ತಿಸುವಾಗಿನಂತೆ ಕೂಗಿದ: "ಏರಲ್ಲಿ ಹೆದ್ರಿ ಬುಟ್ರೆ ಹಿಂದಕ್ಕೆ ಜಾರ್ತದೆ ಕಣವ್ವಾ, ಎಕ್ಸಲೇಟರ್ ಕೊಡು!"

ಕೊಟ್ಟೆ. ಅದು ಸಿಲ್ವರ್ ಓಕ್ ಮರದ ತುದಿಗೆ ಹೋಗಿ ಸಿಕ್ಕಿಕೊಂಡಿತು.

ಅಷ್ಟರಲ್ಲಿ ರೈಟರ್ ಬಂದರು. "ಏನೋ ಮಾರಾಯ, ನಿನ್ ಮಗ್ಳು ಮರಕ್ಕೇ ಜೀಪ್ ಹತ್ತಿಸ್ಬುಟ್ಳಲ್ಲೋ!" ಎಂದು ನಕ್ಕರು. ಮರುಗಳಿಗೆ ದನಿ ಬದಲಾಯಿತು. "ಇನ್ಮೇಲೆ ಕಣಕ್ಕೆ ಕಾಲಿಟ್ರೆ ನೋಡು."

ಅಪ್ಪ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಆ ನೋಟ ಇನ್ನೂ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ಲೈನಿನ ಮಕ್ಕಳಿಗೊಂದು ಮೈದಾನ ಬೇಕೆಂದು ಪಂಚಾಯಿತಿಗೆ ನಾನು ಬರೆಯುತ್ತಿರುವ ಮೂರನೆಯ ಅರ್ಜಿ ಇದು. ಕಿಟಕಿಯಾಚೆ ಅದೇ ಕಣದಿಂದ ಡ್ರೋನ್ ಮತ್ತೆ ಏಳುತ್ತಿದೆ. ಹಾರಿಸುವವನು ಬೂಟು ಹಾಕಿಕೊಂಡೇ ನಿಂತಿದ್ದಾನೆ.