ಸಂಚಿಯೊಳಗಿನ ಗುಳಿಗೆ

"ಅವ್ವಾ, ಪ್ರಯಾಗ ಆಯಿ ಕೂಡ್ರುವಾಗ ಸೆರಗ ಯಾಕ ಕಚ್ಚತಾಳ?" ಎಂದು ಮಗಳು ವಿದ್ಯಾವತಿಯನ್ನು ಕೇಳಿದಳು. ಪ್ರಯಾಗಬಾಯಿಯ ಜೊತೆಗೇ ಹೊಲಕ್ಕೆ ಕಳೆ ತೆಗೆಯಲು ಹೋಗುವವಳು ವಿದ್ಯಾವತಿ.

ಹಿಂದೆ ಸಾಸ್ತೂರಿನ ಭೂಕಂಪದಲ್ಲಿ ಗೋಡೆ ಬಿದ್ದು ಮುರಿದ ಸೊಂಟ ಪ್ರಯಾಗಬಾಯಿಯದು. ಕಳೆ ತೆಗೆಯುವ ಹೆಂಗಸರು ಸಂಚಿ ಬಿಚ್ಚಿ ಎಲೆ, ಸುಣ್ಣ ಕೊಟ್ಟಂತೆಯೇ ನೋವಿನ ಗುಳಿಗೆಯನ್ನೂ ಅವಳಿಗೆ ಕೊಡುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಶುರು ಮಾಡಿದ ಮೇಲೂ ಅವಳು ಅದನ್ನು ನುಂಗಿದಳು. ಎರಡೂ ಕೂಡಿ ಹೊಟ್ಟೆಯೊಳಗೆ ರಕ್ತ ಒಸರಿತು. ಉದಗೀರದ ಆಸ್ಪತ್ರೆಯಲ್ಲಿ ಜೀವ ಉಳಿದದ್ದೇ ಹೆಚ್ಚು. ಹೃದಯದ ಮಾತ್ರೆ ಬಿಡಬೇಡಿ, ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನನ್ನೂ ನಮ್ಮನ್ನು ಕೇಳದೆ ನುಂಗಬೇಡಿ ಎಂದರು ಡಾಕ್ಟರು.

ಪ್ಯಾರಾಸಿಟಮಾಲ್ ಅವಳ ನೋವಿಗೆ ಸಾಲುತ್ತಿರಲಿಲ್ಲ.

"ಡಾಕ್ಟರ್ ಕಡಿ ಮತ್ತ ಹೋಗೂಣ್ರೀ, ಆಯಿ," ಎಂದಳು ವಿದ್ಯಾವತಿ.

"ಹೋಗೂಣ. ಹೊಲದಾಗ ಯಾರರೇ ಗುಳಿಗಿ ಚಾಚಿದರ ನನ್ನ ಕೈ ತಾನೇ ಮುಂದ ಹೋಗತದ. ನಾ ಅಳಕೋತ ಕೇಳಿದರೂ ಕೊಡಬ್ಯಾಡ್ರಿ ಅಂತ ಎಲ್ಲಾರಿಗೂ ನೀನೇ ಹೇಳು, ಮಗಳ."