ಭಾವನ ಸೊಪ್ಪು, ನನ್ನ ಮಾತ್ರೆ

ನಮ್ಮ ಮನೆತನದಲ್ಲಿ ಕುಡಿತವಿಲ್ಲ, ಮಾಂಸವಿಲ್ಲ. ಹಾಗಾಗಿ ನನ್ನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿದ ಸುದ್ದಿ ಕೇಳಿ ವಿಜಯನಗರದ ನಮ್ಮ ಮನೆಗೆ ಬಂದ ನೆಂಟರು ಮೊದಲು ಇಣುಕಿ ನೋಡಿದ್ದು ಬೀರುವಿನ ಹಿಂದಿನ ಸಂದಿಯನ್ನು. ಬಾಟಲಿ ಸಿಗಲಿಲ್ಲವೆಂದು ಬಹಳ ನೊಂದುಕೊಂಡು, ಕಾಫಿ ಕುಡಿದು ಹೋದರು.

ಕುಡಿತಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹೆಪಟೈಟಿಸ್ ಬಿ ವೈರಸ್ಸು ಹೆರಿಗೆಯಲ್ಲೇ ಅಮ್ಮನಿಂದ ದಾಟಿ, ಹುಟ್ಟಿದಾಗಿನಿಂದ ನನ್ನೊಳಗೆ ಬಿಡಾರ ಹೂಡಿತ್ತು. ಅದಕ್ಕೆ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೆ. ಗಡ್ಡೆ ಚಿಕ್ಕದು, ಲಿವರಿಗೆ ಇನ್ನೂ ತ್ರಾಣವಿದೆ, ಕತ್ತರಿಸಿ ತೆಗೆಯಬಹುದು ಎಂದರು ಡಾಕ್ಟರು. ಎರಡು ತಿಂಗಳ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ಮಾತ್ರೆ ಒಂದು ದಿನವೂ ತಪ್ಪಬಾರದೆಂದು ಎರಡು ಸಲ ಹೇಳಿದರು.

ಅಷ್ಟರಲ್ಲಿ ಉಲ್ಲಾಳದಿಂದ ಅಕ್ಕನ ಗಂಡ ಬಂದರು. ನಿವೃತ್ತ ಅಧಿಕಾರಿ, ರೋಗಕ್ಕೂ ಆದೇಶ ಹೊರಡಿಸುವ ಗತ್ತು. ಕೆಂಗೇರಿಯ ಆಚೆ ಯಾರೋ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಾರಂತೆ. ನಲವತ್ತೆಂಟು ದಿನ ಪಥ್ಯ: ಉಪ್ಪು ಬಿಡಬೇಕು, ಇಂಗ್ಲಿಷ್ ಮಾತ್ರೆಯನ್ನೂ ಬಿಡಬೇಕು.

"ನನಗೆ ಕಾಮಾಲೆ ಇಲ್ವಲ್ಲ ಭಾವ."

"ಬರೋಕೆ ಮುಂಚೆ ತಗೊಂಡ್ರೆ ತಪ್ಪೇನೋ? ಹಿತ್ತಲ ಗಿಡ ಮದ್ದಲ್ಲ ಅನ್ನೋ ಜನ ಕಣೋ ನೀವು!"

ಓದಿದವನೇ ನಾನು. ಆದರೆ ಆಪರೇಷನ್ನಿನ ಭಯದ ಮುಂದೆ ಓದು ಎಲ್ಲಿ ನಿಲ್ಲುತ್ತದೆ? ಮಾತ್ರೆಯನ್ನು ದೇವರ ಗೂಡಿನಲ್ಲಿಟ್ಟು, ಬರಿಹೊಟ್ಟೆಗೆ ಸೊಪ್ಪಿನ ಉಂಡೆ ನುಂಗಿದೆ. ಪಥ್ಯ ಮುಗಿಯುವ ಮೊದಲೇ ಕಣ್ಣು ಅರಿಶಿನವಾಯಿತು. ಇಲ್ಲದ ಕಾಮಾಲೆಯನ್ನು ಭಾವ ಮರ್ಯಾದೆಯಿಂದ ಕರೆತಂದಿದ್ದರು.

"ಮಾತ್ರೆ ಬಿಟ್ರಿ, ವೈರಸ್ ಕೆರಳಿದೆ. ಈ ಲಿವರನ್ನ ಇನ್ನು ಕತ್ತರಿಸೋಕಾಗಲ್ಲ," ಎಂದರು ಡಾಕ್ಟರು. "ಉಳಿದಿರೋದು ಲಿವರ್ ಬದಲಾಯಿಸೋದು. ಮನೆಯವರು ಯಾರಾದ್ರೂ ಒಂದು ಭಾಗ ಕೊಡ್ತಾರಾ?"

ಬೀರು ಹುಡುಕಿದ ನೆಂಟರಿಗೆಲ್ಲ ಅಂದಿನಿಂದ ವಿಜಯನಗರದ ದಾರಿಯೇ ಮರೆತುಹೋಯಿತು, ಮೆಟ್ರೋ ಇದ್ದರೂ. ಬಂದವಳು ಅಕ್ಕ ಒಬ್ಬಳೇ. "ನಂದು ತಗೊಳ್ಳಿ ಡಾಕ್ಟ್ರೇ," ಎಂದು ರಕ್ತಪರೀಕ್ಷೆಗೆ ತೋಳು ಚಾಚಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮೂರನೆಯ ದಿನ ರಿಪೋರ್ಟು ಬಂತು. ಒಂದೇ ತಾಯಿ ಹೆತ್ತ ಮಕ್ಕಳು ನಾವು; ಅವಳೊಳಗೂ ಅದೇ ವೈರಸ್ಸು. ಅವಳು ಲಿವರ್ ಕೊಡುವ ಹಾಗಿಲ್ಲ. ಇನ್ನು ಅವಳೂ ದಿನಾ ಮಾತ್ರೆ ನುಂಗಬೇಕು.

ಔಷಧಿ ಅಂಗಡಿಯ ಮುಂದೆ ಭಾವ ಚೀಟಿ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋದೆ.

"ಆ ಸೊಪ್ಪು ಇನ್ನೂ ಸ್ವಲ್ಪ ಉಳಿದಿದೆ. ಅಕ್ಕನಿಗೆ ಕೊಡ್ಲಾ ಭಾವ?"

ಅವರು ಚೀಟಿ ಮುಂದೆ ಚಾಚಿದರು. ಅಂಗಡಿಯವನಿಗೆ ಮೆಲ್ಲಗೆ ಹೇಳಿದರು: "ಮೂರು ತಿಂಗಳಿಗಾಗೋವಷ್ಟು ಕೊಟ್ಬಿಡಿ. ಒಂದು ದಿನಾನೂ ತಪ್ಪಬಾರ್ದು."