ಹೆಸರು ಕೊಟ್ಟ ಅಂಗಡಿ

ಮನುಷ್ಯ ತನ್ನ ಪಾಪವನ್ನು ತೊಳೆದುಕೊಳ್ಳಲು ಅನಾದಿಕಾಲದಿಂದಲೂ ನೀರನ್ನೇ ನಂಬಿಕೊಂಡು ಬಂದಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಮಾತ್ರ ಅದನ್ನು ಒಣಮೆಣಸಿನಕಾಯಿಯಲ್ಲಿ ತೊಳೆಯುತ್ತಾರೆ. ಬೇಸಿಗೆಯಲ್ಲಿ ವರದಾ ನದಿ ಬತ್ತಿರುತ್ತದೆ, ಅದೂ ಒಂದು ಕಾರಣವಿರಬಹುದು.

ನಾನು ಹಾವೇರಿಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು. ಕಳ್ಳ ಹಣ ಹೇಗೆ ಸಾಚಾ ಆಗುತ್ತದೆ ಎಂದು ಸಿಬ್ಬಂದಿಗೆ ಉಪನ್ಯಾಸ ಕೊಡುವ ಘನ ಜವಾಬ್ದಾರಿ ನನ್ನದಾಗಿತ್ತು. ಮೊದಲು ಹಣವನ್ನು ಯಾರದೋ ಖಾತೆಗೆ ಇಳಿಸುತ್ತಾರೆ. ಆಮೇಲೆ ಖಾತೆಯಿಂದ ಖಾತೆಗೆ ಓಡಾಡಿಸಿ ಹೆಜ್ಜೆ ಅಳಿಸುತ್ತಾರೆ. ಕೊನೆಗೆ ವ್ಯಾಪಾರದ ಲಾಭವೆಂಬ ಇಸ್ತ್ರಿ ಅಂಗಿ ತೊಡಿಸಿ ಊರೊಳಗೆ ಬಿಡುತ್ತಾರೆ. ಊಟದ ನಂತರದ ಉಪನ್ಯಾಸವಾದ್ದರಿಂದ ಕೇಳುಗರು ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಆ ‘ಯಾರದೋ ಖಾತೆ’ ನನ್ನ ಗೆಳೆಯನದೂ ಆಗಬಹುದೆಂಬ ವಿಷಯ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಗೆಳೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯವನು. ಅಗಡಿಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಕಾಯಿಯ ಧೂಳಿಗೆ ಎದೆ ಕಟ್ಟತೊಡಗಿದ ಮೇಲೆ ಅವನು ವ್ಯಾಪಾರ ಬಿಟ್ಟ, ಅಂಗಡಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತಿ, ಕಟ್ಟೆಗೆ ನೀರು ಹೊಡೆದು, ಊದಿನಕಡ್ಡಿ ಹಚ್ಚಿ, ಖಾಲಿ ಗೋದಾಮಿಗೆ ಬೆನ್ನು ಮಾಡಿ ಗಾದಿಯ ಮೇಲೆ ಕೂರುತ್ತಿದ್ದ.

“ವ್ಯಾಪಾರ ಹೆಂಗದೋ?” ಎಂದು ನಾನು ಕೇಳುವುದು, “ಭಾಳ ಶಾಂತ ಅದ” ಎಂದು ಅವನು ಹೇಳುವುದು, ಇದು ನಮ್ಮ ನಿತ್ಯದ ಮಂತ್ರ.

ಆ ಪೇಟೆಯಲ್ಲಿ ‘ಹೆಸರು ಕೊಡುವುದು’ ಎಂಬ ಒಂದು ಹಳೆಯ ರೂಢಿ ಇತ್ತು. ಹೊಸಬನೊಬ್ಬನಿಗೆ ಪರವಾನಗಿ ಬರುವ ತನಕ ಹಳೆಯ ಅಂಗಡಿಯವರು ತಮ್ಮ ಹೆಸರಿನ ಮೇಲೆ ವ್ಯಾಪಾರ ಮಾಡಗೊಡುತ್ತಿದ್ದರು. ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಮರ್ಯಾದೆ ಹೋಯಿತು ಎಂದೇ ಲೆಕ್ಕ. ಗೆಳೆಯನೂ ಹಾಗೆಯೇ, ಪಕ್ಕದ ಅಂಗಡಿಯ ಹಿರಿಯ ಸಾವುಕಾರರ ಹೆಸರಿನಲ್ಲಿ ಮೊದಲ ಚೀಲ ಮಾರಿದವನು. ಅವರು ತೀರಿಕೊಂಡ ದಿನ ಅವರ ಮಗನಿಗಿಂತ ಹೆಚ್ಚು ಅತ್ತಿದ್ದ.

ಹೋದ ಮಳೆಗಾಲಕ್ಕೆ ಮುಂಚೆ ರಾಣೆಬೆನ್ನೂರಿನಿಂದ ಒಬ್ಬ ನಡುವಯಸ್ಸಿನವನು ಬಂದ. ಬೀಜದ ವ್ಯಾಪಾರಿ ಎಂದು ಹೇಳಿಕೊಂಡ. ಚಪ್ಪಲಿ ಹೊರಗೆ ಬಿಟ್ಟು ಬಂದು, ಗಾದಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿದ. ಗೆಳೆಯ ಅಲ್ಲಿಗೇ ಅರ್ಧ ಸೋತಿದ್ದ.

“ಕಾಕಾರ, ಮೆಣಸಿನಕಾಯಿ ವ್ಯಾಪಾರಕ್ಕ ಇಳೀಬೇಕಂತ ಮಾಡೀನ್ರಿ. ಲೈಸನ್ಸ್ ಬರೂತನಕ ನಿಮ್ಮ ಹೆಸರು ಕೊಟ್ರ ದೊಡ್ಡ ಉಪಕಾರ ಆಕ್ಕೇತ್ರಿ. ಕಮಿಷನ್ ಎಷ್ಟ್ ಹಿಡಿಯೂಣ್ರಿ?”

“ಹೆಸರಿಗೆ ಕಮಿಷನ್ ಹಿಡಿಯೂದಿಲ್ಲಪಾ ನಮ್ಮ ಪೇಟ್ಯಾಗ. ಕುಂದ್ರು, ಚಾ ಕುಡಿ.”

ಅಂಗಡಿಯ ಬ್ಯಾಂಕ್ ಖಾತೆಯನ್ನು ಆತ ತನ್ನ ಮೊಬೈಲಿಗೆ ಹಾಕಿಸಿಕೊಂಡ. ಮೊಬೈಲು ಎಂದರೆ ಕರೆ ಬಂದಾಗ ಎತ್ತುವ ವಸ್ತು ಎಂದಷ್ಟೇ ತಿಳಿದಿದ್ದ ಗೆಳೆಯನಿಗೆ ಒಂದು ತೊಂದರೆ ತಪ್ಪಿತು. ಮತ್ತೆ ಬಿಲ್ಲುಗಳ ಮೇಲೆ ತನ್ನ ಅಂಗಡಿಯ ಹೆಸರು ಅಚ್ಚಾಗುವುದನ್ನು ಕಂಡು ಅವನು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ. ಇದನ್ನೆಲ್ಲ ನನಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡಿದ್ದ.

ಮಲಗಿದ್ದ ಖಾತೆ ಏಕಾಏಕಿ ಎದ್ದು ಓಡತೊಡಗಿದರೆ ಬ್ಯಾಂಕಿನ ಯಂತ್ರ ಕಿವಿ ನಿಮಿರಿಸುತ್ತದೆ. ಈ ಖಾತೆಗೆ ಬಂದ ಹಣವಂತೂ ಚಹಾ ಆರುವುದರೊಳಗೆ ‘ರೈತರಿಗೆ ಪಾವತಿ’ ಎಂದು ಹೊರಟುಹೋಗುತ್ತಿತ್ತು. ಅಷ್ಟರಲ್ಲಿ ಬೇರೊಂದು ರಾಜ್ಯದ ನಿವೃತ್ತ ನರ್ಸ್ ಒಬ್ಬರು ದೂರು ಕೊಟ್ಟಿದ್ದರು. ಪೊಲೀಸರೆಂದು ಫೋನಿನಲ್ಲಿ ಬೆದರಿಸಿ ಅವರ ಪಿಂಚಣಿ ಗಂಟನ್ನೆಲ್ಲ ಯಾರೋ ದೋಚಿದ್ದರು. ಆ ಹಣದ ಬೆನ್ನು ಹತ್ತಿದ ಖರೇ ಪೊಲೀಸರು ಬ್ಯಾಡಗಿಗೆ ಬಂದರು. ಬಿಲ್ಲಿನಲ್ಲಿ ಆಷಾಢದ ತುಂಬ ಮೆಣಸಿನಕಾಯಿ ಮಾರಾಟವಾಗಿತ್ತು. ಆದರೆ ತೂಕವಾಗಿರಲಿಲ್ಲ, ಪೇಟೆಯ ಶುಲ್ಕ ಕಟ್ಟಿರಲಿಲ್ಲ, ಒಂದು ಲಾರಿಯೂ ಹೊರಟಿರಲಿಲ್ಲ.

ಗೆಳೆಯ ಫೋನು ಮಾಡಿದ್ದರಿಂದ ನಾನೂ ಹೋದೆ. ಅಧಿಕಾರಿ ಧಾರವಾಡದ ಕಡೆಯವರು. ಖಾಲಿ ಗೋದಾಮಿನ ನಡುವೆ ನಿಂತು ದೀರ್ಘವಾಗಿ ಉಸಿರೆಳೆದುಕೊಂಡರು.

“ಮಳಿಗಾಲದಾಗ ಇಲ್ಲೆ ಕಾಯಿ ತುಂಬಿತ್ತೇನ್ರಿ? ನನಗ ಒಂದು ಸೀನೂ ಬರವಲ್ದಲ್ರಿ.”

“ನನಗೂ ಭಾಳ ದಿವಸದಿಂದ ಬಂದಿಲ್ರಿ,” ಅಂದ ಗೆಳೆಯ. ಅವನ ಧ್ವನಿಯಲ್ಲಿದ್ದದ್ದು ಹೆದರಿಕೆಯಲ್ಲ, ಸಂಕಟ.

“ಇದರಾಗ ನಿಮಗೆಷ್ಟು ಸಿಕ್ತು?”

“ಚಾ ನಾನ ಕುಡಿಸೀನ್ರಿ.”

“ಈ ಕಾಲದಾಗ ಪುಕ್ಕಟೆ ಯಾರ್ ಹೆಸರು ಕೊಡ್ತಾರ್ರಿ, ಯಜಮಾನ್ರ? ಯಾರರ ನಂಬೂ ಮಾತೇನ್ರಿ ಇದು?”

“ನನಗ ಕೊಟ್ಟಿದ್ರಲ್ರಿ. ಬಾಜೂ ಅಂಗಡಿ ಸಾವುಕಾರ್ರು. ಅವರ ಮಗ ಅದಾನ, ಕೇಳಿ ನೋಡ್ರಿ.”

ಆ ಒಂದು ಮಾತಿನ ಮೇಲೆ ಎಲ್ಲವೂ ನಿಂತಿತ್ತು. ಇಂಥ ರೂಢಿ ಇತ್ತು ಎಂದು ಪೇಟೆಯ ಒಬ್ಬ ವ್ಯಾಪಾರಿ ಹೇಳಿದರೂ ಗೆಳೆಯ ಮೋಸಗಾರನಲ್ಲ, ಮೋಸ ಹೋದವನು ಎಂದಾಗುತ್ತಿತ್ತು. ಅಧಿಕಾರಿ ಒಳ್ಳೆಯವರು, ಪಕ್ಕದ ಅಂಗಡಿಗೆ ತಾವೇ ನಡೆದು ಹೋದರು, ಅವರ ಹಿಂದೆ ನಾವಿಬ್ಬರು. ಸಾವುಕಾರರ ಮಗ ಎದ್ದು ನಿಂತ. ಅವನ ಹಿಂದೆ ಗೋಡೆಯ ಮೇಲೆ ಅಪ್ಪನ ಭಾವಚಿತ್ರ, ಹಾರ ಸಮೇತ. ಅದನ್ನು ಹಾಕಿಸಿಕೊಟ್ಟವನು ನನ್ನ ಗೆಳೆಯ.

“ಹಂಗೇನೂ ಇಲ್ರಿ ಸಾಹೇಬ್ರ,” ಅಂದ ಅವನು. “ನಮ್ಮಪ್ಪ ಯಾರಿಗೂ ಹೆಸರು ಕೊಟ್ಟಿಲ್ಲ. ಅಂಥಾ ಧಂದೆ ನಮ್ಮ ಮನ್ಯಾಗ ಇಲ್ಲ.”

ಗೆಳೆಯ ಅವನನ್ನು ನೋಡಲಿಲ್ಲ, ಭಾವಚಿತ್ರವನ್ನು ನೋಡಿದ. ಆಮೇಲೆ ತನ್ನ ಅಂಗಡಿಗೆ ಬಂದು ಗಾದಿಯ ಅಂಚಿನಲ್ಲಿ ಕೂತ, ತಾನೇ ಗಿರಾಕಿ ಎಂಬಂತೆ.

“ಎಂಥಾ ಸುಳ್ಳ ಹೇಳಿದ್ನೋ ಅವ,” ಅಂದೆ.

“ಅವಗೂ ಮಕ್ಕಳದಾವ. ಅವರಪ್ಪನ ಹೆಸರು ಅವ ಕಾಯ್ಕೊಂಡ, ಬಿಡು.” ಗಾದಿಯ ಸುಕ್ಕನ್ನು ಕೈಯಿಂದ ಸವರಿದ. “ಆ ನರ್ಸ್‌ಬಾಯಿ ಅದಾಳಲ್ಲ, ಅಕೀ ರೊಕ್ಕ ಹೋಗಿದ್ದು ಖರೇನ ನನ್ನ ಹೆಸರಿನ ಮ್ಯಾಲೇನೋ?”

ಉಪನ್ಯಾಸ ಕೊಟ್ಟು ಪಳಗಿದವನು ನಾನು. “ಹೌದು” ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ತಲೆಯಾಡಿಸಿದ, ಹೇಳಿದೆನೆಂದೇ ತಿಳಿದು.

ಪೇಟೆಯ ಉಳಿದವರಿಗೂ ಅಂಥ ರೂಢಿ ನೆನಪಾಗಲಿಲ್ಲ. ಪ್ರಕರಣದಲ್ಲಿ ಈಗ ಅವನು ಎರಡನೆಯ ಆರೋಪಿ. ಮೊದಲನೆಯವನು ಸಿಕ್ಕಿಲ್ಲ. ನರ್ಸಿನ ಹಣವೂ ಸಿಕ್ಕಿಲ್ಲ. ಗೆಳೆಯನ ಪರವಾನಗಿ ರದ್ದಾಗಿದೆ, ಅಂಗಡಿಗೆ ಬೀಗ ಹಾಕಿದೆ.